ಆ ನೀರು ನನ್ನದೇ ಉಸಿರು

ಬೆಳಗಿನ ಜಾವ 4 ಗಂಟೆ ಇರಬೇಕು, ಹಣೆಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಮಳೆ ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ ಹೊರಗೆ ಒಂದು ಸದ್ದೂ ಇಲ್ಲ. ತಡಕಾಡಿ ತಲೆಗೆ ಕಟ್ಟುವ ಟಾರ್ಚ್ ಹುಡುಕಿ ಹಚ್ಚಿದೆ. ಮುಖದಿಂದ ಒಂದು ಮೊಳ ಮೇಲೆ ಕ್ಯಾನ್ವಾಸು, ಅದರ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಹನಿಗಳು. ಹೊಲಿಗೆ ಇರುವ ಕಡೆ ಮಾತ್ರ ಅವು ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ ಜೋತಾಡುತ್ತಿದ್ದವು. ನೋಡ್ತಾ ಇದ್ದ ಹಾಗೇ ಇನ್ನೊಂದು ಜಾರಿ ಕೆನ್ನೆ ಮೇಲೆ ಬಿತ್ತು. ಜಿಪ್ ಎಳೆದು ತಲೆ ಹೊರಗೆ ಹಾಕಿದರೆ ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಮರದ ತುದಿಯಿಂದ ತುದಿಯವರೆಗೂ ಬರೀ ನಕ್ಷತ್ರ.

ಆ ಜಾಗ ಬಾರ್ಮಾ. ಮೆಲ್ಬರ್ನ್‌ನಿಂದ ಉತ್ತರಕ್ಕೆ, ಎಚೂಕಾ ದಾಟಿ, ಹೆಚ್ಚುಕಡಿಮೆ 3 ಗಂಟೆ ದಾರಿ. ಮರ್ರೆ ನದಿ ಹರಿಯುವ ಕಾಡು, ಯೋರ್ಟಾ ಯೋರ್ಟಾ ಜನರ ನೆಲ. ರಿವರ್ ರೆಡ್ ಗಮ್ ಅನ್ನುವ ನೀಲಗಿರಿ ಜಾತಿಯ ದೊಡ್ಡ ದೊಡ್ಡ ಮರಗಳು ನದಿಯ ಉದ್ದಕ್ಕೂ ನಿಂತಿವೆ. ಜೂನ್ ತಿಂಗಳ ಎರಡನೇ ಸೋಮವಾರ ಇಲ್ಲಿ ರಾಜನ ಹುಟ್ಟುಹಬ್ಬದ ರಜೆ, ಹಾಗಾಗಿ ಮೂರು ದಿನ ಸಿಕ್ಕಿತ್ತು. ಇಲ್ಲಿ ಜೂನ್ ಅಂದರೆ ಚಳಿಗಾಲ. ನನ್ನ ಹೊಸ ಸ್ವ್ಯಾಗ್‌ನಲ್ಲಿ ಅದು ಮೊದಲ ರಾತ್ರಿ.

ಸ್ವ್ಯಾಗ್ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮಲ್ಲಿ ಹಿಂದೆ ರೈಲಿನಲ್ಲಿ ದೂರ ಹೋಗುವವರು ಹೋಲ್ಡಾಲ್ ಒಯ್ಯುತ್ತಿದ್ದರು, ನೆನಪಿದೆಯಾ? ಖಾಕಿ ಬಣ್ಣದ ದಪ್ಪ ಬಟ್ಟೆಯೊಳಗೆ ಹಾಸಿಗೆ, ದಿಂಬು, ಹೊದಿಕೆ ಎಲ್ಲ ಸುತ್ತಿ ಬೆಲ್ಟಿನಲ್ಲಿ ಬಿಗಿದ ಸುರುಳಿ. ನಮ್ಮಜ್ಜನ ಹತ್ತಿರ ಒಂದಿತ್ತು, ಸೀಟಿನ ಮೇಲೆ ಬಿಚ್ಚಿ ಹಾಸಿದರೆ ಮುಗೀತು. ಸ್ವ್ಯಾಗ್ ಅದರ ಆಸ್ಟ್ರೇಲಿಯದ ದಾಯಾದಿ ಅನ್ನಬಹುದು. ವ್ಯತ್ಯಾಸ ಇಷ್ಟೇ, ಇಲ್ಲಿ ಕ್ಯಾನ್ವಾಸು ನಮ್ಮ ಮೇಲೂ ಬರುತ್ತದೆ. ತಳದಲ್ಲಿ ನೀರು ಬಿಡದ ದಪ್ಪ ಪಿವಿಸಿ, ಅದರ ಮೇಲೆ ಫೋಮ್ ಹಾಸಿಗೆ, ಮೇಲೆ ಮುಚ್ಚಳದ ಹಾಗೆ ಕ್ಯಾನ್ವಾಸು. ಈಗಿನವಕ್ಕೆ ತಲೆ ಹತ್ತಿರ, ಕಾಲ ಹತ್ತಿರ ಬಿಲ್ಲಿನ ಹಾಗೆ ಬಗ್ಗುವ ಕಡ್ಡಿಗಳಿರುತ್ತವೆ, ಹಾಗಾಗಿ ಬಟ್ಟೆ ಮೈಮೇಲೆ ಬೀಳುವುದಿಲ್ಲ. ಒಬ್ಬರು ಮಲಗುವಂಥದ್ದು ಸುಮಾರು 10 ಕಿಲೋ ತೂಗುತ್ತದೆ. ಕಾರಿನ ಮೇಲೆ ಕಟ್ಟಿಕೊಂಡು ಹೋಗುವುದೇ ವಾಸಿ.

ಹಿಂದೆ ಇದನ್ನು ಹೆಗಲ ಮೇಲೆ ಹೊತ್ತು ನಡೆದವರಿದ್ದರು. 1890ರ ದಶಕದಲ್ಲಿ ಇಲ್ಲಿ ಬ್ಯಾಂಕುಗಳು ಮುಳುಗಿ ಕೆಲಸ ಹೋದಾಗ, ಮತ್ತೆ 1930ರ ದಶಕದ ಕಷ್ಟ ಕಾಲದಲ್ಲಿ, ಸಾವಿರಾರು ಗಂಡಸರು ಕುರಿ ಸಾಕುವ ಜಮೀನಿನಿಂದ ಜಮೀನಿಗೆ ಕೂಲಿ ಹುಡುಕಿಕೊಂಡು ಅಲೆದರು. ಅವರಿಗೆ ಸ್ವ್ಯಾಗ್‌ಮನ್ ಅಂತಲೇ ಹೆಸರು. ಉಣ್ಣೆ ಹೊದಿಕೆಯೊಳಗೆ ಇದ್ದಬದ್ದದ್ದನ್ನೆಲ್ಲ ಸುತ್ತಿಕೊಂಡಿರುತ್ತಿದ್ದರು. ಆ ಗಂಟಿಗೆ ಮಟಿಲ್ಡಾ ಅಂತ ಒಂದು ಹೆಸರು, ಹೊದಿಕೆಯ ನೀಲಿ ಬಣ್ಣದಿಂದ ಬ್ಲೂಯಿ ಅಂತ ಇನ್ನೊಂದು. ಆ ಉಣ್ಣೆಯ ಮಾತಿಗೆ ಆಮೇಲೆ ಬರುತ್ತೇನೆ.

ಬಾರ್ಮಾದ ಆ ಬೆಳಿಗ್ಗೆ ನನಗೆ ಸಿಟ್ಟೇ ಬಂದಿತ್ತು. ಹೊಸ ಸಾಮಾನು, ಮೊದಲ ರಾತ್ರಿಗೇ ಸೋರಿದೆ ಅಂತ. ಸ್ಲೀಪಿಂಗ್ ಬ್ಯಾಗಿನ ಕಾಲಿನ ಭಾಗ ಪೂರ್ತಿ ಒದ್ದೆ. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಇನ್ನೂ ಜಾಸ್ತಿ. ಪಿವಿಸಿ ಮೇಲೆ ನೀರು ಹರಡಿ ನಿಂತಿತ್ತು. ಹರಡಿದ್ದು ಹೇಗೆ ಅಂದರೆ, ಭುಜ, ಸೊಂಟ, ಹಿಮ್ಮಡಿ ಬರುವ ಕಡೆ ಮಾತ್ರ. ನಾನು ಮಲಗಿದ್ದ ಆಕಾರ ನೀರಿನಲ್ಲೇ ಬರೆದ ಹಾಗಿತ್ತು. ನೆಲದಿಂದ ತೇವ ಹತ್ತಿದೆ ಅಂತ ಇಡೀ ಸ್ವ್ಯಾಗನ್ನೇ ಎತ್ತಿ ಪಕ್ಕಕ್ಕೆ ಇಟ್ಟೆ. ಅಡಿಯ ನೆಲ ಒಣಗಿತ್ತು. ಸುತ್ತಲ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದು ಬೆಳ್ಳಗಾಗಿದೆ, ಮಧ್ಯೆ ಆರಡಿ ಉದ್ದದ ಒಂದು ಆಯತ ಮಾತ್ರ ಪುಡಿ ಪುಡಿ ಒಣ ಮಣ್ಣು, ಒಣಗಿದ ಎಲೆ ಮುಟ್ಟಿದರೆ ಚರ್ ಅನ್ನುತ್ತಿತ್ತು.

ಮೇಲಿಂದ ಮಳೆ ಇಲ್ಲ, ಕೆಳಗಿಂದ ತೇವ ಇಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಸ್ವಲ್ಪ ದೂರದಲ್ಲಿ ಬೀಡುಬಿಟ್ಟಿದ್ದ ಒಬ್ಬ ಹಿರಿಯರು ನಾನು ಒದ್ದೆ ಸಾಮಾನು ಹರಡುವುದನ್ನು ನೋಡಿ ಬಂದರು. ಎಪ್ಪತ್ತು ದಾಟಿರಬೇಕು. ಕಡ್ಡಿ ಗಿಡ್ಡಿ ಇಲ್ಲದ ಹಳೇ ಕಾಲದ ಸ್ವ್ಯಾಗ್ ಅವರದು, ರಾತ್ರಿಯೆಲ್ಲ ತಲೆಯ ಕಡೆ ಪೂರ್ತಿ ತೆಗೆದಿಟ್ಟು ಉಣ್ಣೆ ಟೋಪಿ ಹಾಕಿಕೊಂಡು ಮಲಗಿದ್ದರು. ಕೇಳಿದ್ದು ಒಂದೇ ಪ್ರಶ್ನೆ, ರಾತ್ರಿ ಎಷ್ಟು ಮುಚ್ಚಿಕೊಂಡಿದ್ದೆ ಅಂತ. ಪೂರ್ತಿ ಅಂದೆ. ಚಳಿ ಇತ್ತಲ್ಲ, ಎಲ್ಲ ಜಿಪ್ಪೂ ಎಳೆದಿದ್ದೆ. ಅವರು ನನ್ನ ಬಾಯಿಯ ಕಡೆ ಬೆರಳು ತೋರಿಸಿದರು. ಆ ಚಳಿಯಲ್ಲಿ ನಾನು ಮಾತಾಡಿದಾಗಲೆಲ್ಲ ಬಾಯಿಂದ ಹೊಗೆಯ ಹಾಗೆ ಬರುತ್ತಿತ್ತಲ್ಲ, ಅದೇ ನಿನ್ನ ನೀರು ಅಂದರು.

ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ನಮ್ಮ ಉಸಿರಿನಿಂದಲೂ ಚರ್ಮದಿಂದಲೂ, ಬೆವರದೇ ಇದ್ದರೂ, ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಆವಿಯಾಗಿ ಹೋಗುತ್ತದೆ. ಎಂಟು ಗಂಟೆ ನಿದ್ದೆಗೆ ಅದರ ಮೂರನೇ ಒಂದು ಭಾಗ ಅಂದರೂ ಒಂದು ದೊಡ್ಡ ಲೋಟ. ಇನ್ನು ಗಾಳಿಯ ಲೆಕ್ಕ. 20 ಡಿಗ್ರಿಯ ಬೆಚ್ಚಗಿನ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 5 ಡಿಗ್ರಿಗೆ ಇಳಿದರೆ ಹಿಡಿಯುವುದು 7 ಗ್ರಾಂ ಅಷ್ಟೇ. ಸ್ವ್ಯಾಗಿನ ಒಳಗಿರುವ ಗಾಳಿ ಒಂದು ಘನ ಮೀಟರೂ ಆಗುವುದಿಲ್ಲ. ಅಂದರೆ ಅದು ಇಟ್ಟುಕೊಳ್ಳಬಹುದಾದದ್ದು ಒಂದು ಚಮಚ, ನಾನು ಕೊಡುತ್ತಿರುವುದು ಒಂದು ಲೋಟ. ಉಳಿದದ್ದು ಹೊರಗೆ ಹೋಗಬೇಕು, ಇಲ್ಲಾಂದರೆ ಎಲ್ಲಿ ತಣ್ಣಗಿದೆಯೋ ಅಲ್ಲಿ ನೀರಾಗಿ ಕೂರಬೇಕು. ಅನ್ನದ ಪಾತ್ರೆಯ ಮುಚ್ಚಳದ ಒಳಮೈ ನೋಡಿಲ್ವಾ, ಅದೇ ಇದು.

ಕ್ಯಾನ್ವಾಸು ಉಸಿರಾಡುವ ಬಟ್ಟೆ, ಆವಿ ಅದರೊಳಗಿಂದ ಹೊರಗೆ ದಾಟುತ್ತದೆ ಅನ್ನುವುದು ಸುಳ್ಳಲ್ಲ. ಹತ್ತಿ ಬೆರೆತ ದಾರ, ಎಳೆಗಳ ನಡುವೆ ಜಾಗ ಇರುತ್ತದೆ. ಆದರೆ ತಿಳಿಯಾದ ಆಕಾಶದ ರಾತ್ರಿಯಲ್ಲಿ ಬಟ್ಟೆ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿಬಿಡುತ್ತದೆ. ಆಗ ಹೊರಮೈಗೆ ಇಬ್ಬನಿ ಕೂರುತ್ತದೆ. ನೀರು ಕುಡಿದ ದಾರ ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಒಳಗಿನ ಆವಿಗೆ ಇದ್ದ ದಾರಿಯೂ ಹೋಯಿತು. ಜಿಪ್ ಎಳೆದಿದ್ದರೆ ಪೂರ್ತಿ ಕಟ್ಟಿದ ಹಾಗೆ. ಹಾಸಿಗೆಯ ಅಡಿಯ ನೀರಿನ ಕಥೆಯೂ ಇದೇ. ಮೈಯ ಬಿಸಿ ಆವಿಯನ್ನು ಫೋಮ್ ಮೂಲಕ ಕೆಳಕ್ಕೆ ತಳ್ಳುತ್ತದೆ, ತಣ್ಣಗಿನ ಪಿವಿಸಿ ಸಿಕ್ಕಿದ ಕೂಡಲೇ ಅದು ಹನಿಯಾಗುತ್ತದೆ. ಅಲ್ಲಿಂದ ಅದಕ್ಕೆ ಹೋಗಲು ದಾರಿಯೇ ಇಲ್ಲ. ನೆಲದ ನೀರು ಒಳಗೆ ಬರದ ಹಾಗೆ ತಡೆಯುವ ಹಾಳೆ ನಮ್ಮ ನೀರನ್ನು ಹೊರಗೆ ಬಿಡದ ಹಾಗೂ ತಡೆಯುತ್ತದಲ್ವಾ.

ಇದು ಅರ್ಥವಾದ ಮೇಲೆ ಸ್ವ್ಯಾಗ್ ಮೇಲಿನ ಸಿಟ್ಟು ಹೋಯಿತು. ಆದರೆ ಅಷ್ಟೊತ್ತಿಗೆ ಒಂದು ತಪ್ಪು ಮಾಡಿಯಾಗಿತ್ತು. ಸೋಮವಾರ ಸಂಜೆ ಮನೆ ಸೇರಿದಾಗ ಕತ್ತಲಾಗಿತ್ತು. ಬೆಳಿಗ್ಗೆ ಕೆಲಸ. ಸ್ವ್ಯಾಗನ್ನು ಸುತ್ತಿದ್ದ ಹಾಗೇ ಗ್ಯಾರೇಜಿನ ಮೂಲೆಗೆ ನಿಲ್ಲಿಸಿ, ಶನಿವಾರ ಒಣಗಿಸೋಣ ಅಂದುಕೊಂಡೆ. ಆ ಶನಿವಾರ ಮಳೆ. ಮುಂದಿನ ಶನಿವಾರ ಏನೋ ಕೆಲಸ. ಆಮೇಲೆ ಮರೆತೇ ಹೋಯಿತು.

ಸೆಪ್ಟೆಂಬರ್‌ನಲ್ಲಿ ಅಮ್ಮ ಬಂದರು. ಊರು ತೀರ್ಥಹಳ್ಳಿ ಕಡೆ. ಬಂದ ಎರಡನೇ ದಿನ ಏನೋ ಹುಡುಕಿಕೊಂಡು ಗ್ಯಾರೇಜಿಗೆ ಹೋದವರು ಬಾಗಿಲಲ್ಲೇ ನಿಂತರು.

“ಎಂತ ಮಾರಾಯ ಇದು, ನಿನ್ನ ಗ್ಯಾರೇಜಲ್ಲಿ ನಮ್ಮನೆ ಆಷಾಢದ ವಾಸನೆ!”

ಮುಗ್ಗಲು ವಾಸನೆ. ಅಮ್ಮನ ಮೂಗಿಗೆ ಅದು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕದ ರಟ್ಟು, ಮರದ ಪೆಟ್ಟಿಗೆ ಎಲ್ಲಕ್ಕೂ ಬೂಷ್ಟು ಬರುವ ಊರಿನವರು. ಬಚ್ಚಲ ಒಲೆಯ ಮೇಲೆ ತಂತಿ ಕಟ್ಟಿ ಬಟ್ಟೆ ಒಣಗಿಸಿ, ಶಾಲೆಗೆ ಹೊಗೆ ವಾಸನೆಯ ಅಂಗಿ ಹಾಕಿ ಕಳಿಸಿದವರು. ನಾನು ಸುರುಳಿ ಬಿಚ್ಚಿದೆ. ಕ್ಯಾನ್ವಾಸಿನ ಮಡಿಕೆಗಳಲ್ಲಿ ಮೆಣಸಿನ ಕಾಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಫೋಮಿನ ಹೊದಿಕೆ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ವೃತ್ತಗಳು. ನನಗೆ ನಿಜಕ್ಕೂ ಸಂಕಟ ಆಯಿತು.

ಬ್ಲೀಚ್ ಹಾಕಿ ತಿಕ್ಕಲು ಹೊರಟಿದ್ದೆ, ಅಮ್ಮ ಬೇಡ ಅಂದರು, ದಾರ ಸತ್ತು ಹೋಗ್ತದೆ ಅಂತ. ಅದು ಸರಿ. ಬ್ಲೀಚ್ ಹತ್ತಿಯ ದಾರವನ್ನೂ ಹಾಳು ಮಾಡುತ್ತದೆ, ನೀರು ತಡೆಯಲು ಹಚ್ಚಿದ ಲೇಪವನ್ನೂ ತೆಗೆಯುತ್ತದೆ. ಸೋಪಿನ ಪುಡಿಯೂ ಅಷ್ಟೇ, ಲೇಪಕ್ಕೆ ಒಳ್ಳೆಯದಲ್ಲ. ಮೊದಲು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯಿಂದ ದೂರ ಹಿತ್ತಲಲ್ಲಿ ಮೆತ್ತಗಿನ ಬ್ರಷ್‌ನಿಂದ ಒಣ ಬೂಷ್ಟನ್ನು ಉದುರಿಸಿದೆವು. ಆಮೇಲೆ ಬಿಳಿ ವಿನಿಗರ್‌ಗೆ ನೀರು ಬೆರೆಸಿ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಬರೀ ನೀರಿನಲ್ಲಿ ತೊಳೆದೆವು. ನಮ್ಮ ಬಾಡಿಗೆ ಮನೆ ಹಳೆಯದು, ಹಿತ್ತಲಲ್ಲಿ ಕೊಡೆಯ ಹಾಗೆ ತಿರುಗುವ ಹಿಲ್ಸ್ ಹಾಯ್ಸ್ಟ್ ಅನ್ನುವ ಬಟ್ಟೆ ಒಣಗಿಸುವ ಕಂಬ ಇದೆ, ಇಲ್ಲಿನ ಹಳೇ ಮನೆಗಳಲ್ಲಿ ಅದು ಇದ್ದೇ ಇರುತ್ತಿತ್ತು. ಅಮ್ಮ ಸ್ವ್ಯಾಗನ್ನು ಅದರ ಮೇಲೆ ಹರಡಿ, ಬಿಸಿಲು ಸರಿದ ಹಾಗೆಲ್ಲ ಹೋಗಿ ಕಂಬ ತಿರುಗಿಸಿ ಬರುತ್ತಿದ್ದರು. ಮೂರು ದಿನ. ಮೇಲೆ ಮುಟ್ಟಿ ಒಣಗಿದೆ ಅಂತ ನಾನಂದರೆ, ಹೊಲಿಗೆ ಹಿಂಡಿ ನೋಡು ಅನ್ನುತ್ತಿದ್ದರು. ಹಿಂಡಿದರೆ ಬೆರಳಿಗೆ ತಣ್ಣಗೆ ತಾಗುತ್ತಿತ್ತು. ಮೂರನೇ ದಿನ ಸಂಜೆ ಆ ತಣ್ಣಗೆ ಹೋಯಿತು. ಕಪ್ಪು ಚುಕ್ಕೆ ಮಾತ್ರ ಹೋಗಲಿಲ್ಲ, ಇವತ್ತಿಗೂ ಇವೆ. ವಾಸನೆ ಹೋಯಿತು.

ಆವತ್ತಿನಿಂದ ನನ್ನ ಒಂದು ನಿಯಮ, ಎಷ್ಟೇ ಸುಸ್ತಾಗಿರಲಿ, ಒದ್ದೆ ಸ್ವ್ಯಾಗ್ ಸುರುಳಿಯಲ್ಲಿ ಒಂದು ರಾತ್ರಿಗಿಂತ ಜಾಸ್ತಿ ಇರಬಾರದು. ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲು ಶುರುವಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೂ ಬಿಚ್ಚಿ ಎರಡು ಕುರ್ಚಿಯ ಮೇಲೆ ಹರಡಿ, ಹಾಸಿಗೆಯನ್ನು ಗೋಡೆಗೆ ಒರಗಿಸಿಯೇ ಮಲಗುವುದು. ಮೆಲ್ಬರ್ನ್ ಚಳಿಗಾಲದ ಹಗಲು ಸಾಮಾನ್ಯವಾಗಿ 14 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಫೋಮ್ ಒಣಗಲು ಎರಡು ದಿನ ಬೇಕೇ ಬೇಕು.

ಹೊಸ ಸ್ವ್ಯಾಗ್ ತಂದವರು ಇನ್ನೊಂದು ಕೆಲಸ ಮಾಡಬೇಕು, ನಾನು ಮಾಡಿರಲಿಲ್ಲ. ಮನೆಯಲ್ಲೇ ಅದನ್ನು ನಿಲ್ಲಿಸಿ ಪೈಪಿನಿಂದ ಚೆನ್ನಾಗಿ ನೀರು ಹೊಡೆದು, ಪೂರ್ತಿ ಒಣಗಿಸಿ, ಮತ್ತೆ ನೀರು ಹೊಡೆಯಬೇಕು. ಎರಡು ಮೂರು ಸಲ. ನೀರು ಕುಡಿದ ಹತ್ತಿ ದಾರ ಉಬ್ಬಿ ಸೂಜಿಯ ತೂತುಗಳು ತುಂಬಿಕೊಳ್ಳುತ್ತವೆ. ಇದರಿಂದ ಮಳೆಯ ಸೋರಿಕೆ ನಿಲ್ಲುತ್ತದೆ. ಉಸಿರಿನ ನೀರಿಗೆ ಇದು ಮದ್ದಲ್ಲ, ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋಗಬೇಡಿ.

ಉಸಿರಿನ ನೀರಿಗೆ ಮದ್ದು ಒಂದೇ, ತೆಗೆದಿಡುವುದು. ತಲೆಯ ಕಡೆ ಸೊಳ್ಳೆ ಪರದೆ ಮಾತ್ರ ಬಿಟ್ಟು ಕ್ಯಾನ್ವಾಸನ್ನು ಹಿಂದಕ್ಕೆ ಮಡಚಿ, ಕಾಲ ಕಡೆಯೂ ಒಂದು ಗೇಣು ತೆಗೆದಿಟ್ಟರೆ ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ. ಒಂದೇ ಕಡೆ ತೆಗೆದರೆ ಸಾಲದು. 2 ಡಿಗ್ರಿ ಚಳಿಯಲ್ಲಿ ಹೀಗೆ ಮಾಡಲು ಕೈ ಬರುವುದಿಲ್ಲ, ನನಗೆ ಗೊತ್ತು. ಮೈ ಮುಚ್ಚು ಅನ್ನುತ್ತದೆ. ಆದರೆ ಮುಚ್ಚಿ ಒದ್ದೆಯಾಗಿ ನಡುಗುವುದಕ್ಕಿಂತ, ತೆಗೆದಿಟ್ಟು ಇನ್ನೊಂದು ಸ್ವೆಟರ್ ಹಾಕಿಕೊಳ್ಳುವುದು ಎಷ್ಟೋ ಮೇಲು. ಮುಖವನ್ನು ಸ್ಲೀಪಿಂಗ್ ಬ್ಯಾಗಿನ ಒಳಗೆ ಹುದುಗಿಸಿಕೊಂಡು ಉಸಿರಾಡಬೇಡಿ, ಆ ಲೋಟ ನೀರು ನೇರವಾಗಿ ನಿಮ್ಮ ಹೊದಿಕೆಗೆ ಹೋಗುತ್ತದೆ. ಹಕ್ಕಿಯ ತುಪ್ಪಳ ತುಂಬಿದ ಬ್ಯಾಗಾದರೆ ಒದ್ದೆಯಾದ ಮೇಲೆ ಅದು ಮುದ್ದೆಯಾಗಿ ಬೆಚ್ಚಗೆ ಇಡುವುದನ್ನೇ ಬಿಡುತ್ತದೆ. ಒದ್ದೆ ಸಾಕ್ಸು, ಒದ್ದೆ ಟವೆಲ್ಲು ಒಳಗೆ ಬೇಡ. ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ತೇವ ಹೋಗಲಿ ಅಂತಲೋ ಬೆಚ್ಚಗಾಗಲಿ ಅಂತಲೋ ಗ್ಯಾಸ್ ಹೀಟರನ್ನೋ ಕೆಂಡವನ್ನೋ ಸ್ವ್ಯಾಗ್ ಒಳಗೆ, ಟೆಂಟ್ ಒಳಗೆ ಇಡಬೇಡಿ. ಗ್ಯಾಸ್ ಉರಿದರೆ ನೀರಿನ ಆವಿಯೇ ಬರುವುದು, ತೇವ ಇನ್ನೂ ಹೆಚ್ಚುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಜಾಗದ ಆಯ್ಕೆಯಲ್ಲೂ ಅರ್ಧ ಕೆಲಸ ಇದೆ. ನದಿ ಕಾಣುವ ಹಾಗೆ ಮಲಗಬೇಕು ಅಂತ ಎಲ್ಲರಿಗೂ ಆಸೆ. ಆದರೆ ತಣ್ಣನೆ ಗಾಳಿ ಭಾರ, ರಾತ್ರಿ ಅದು ನೀರಿನ ಹಾಗೇ ತಗ್ಗಿಗೆ ಹರಿದು ನಿಲ್ಲುತ್ತದೆ. ದಂಡೆಯಿಂದ ಸ್ವಲ್ಪ ಮೇಲೆ, ದಿಬ್ಬದ ಮೇಲೆ ಹೋದರೆ ಇಬ್ಬನಿ ಕಡಿಮೆ. ಮರದ ಕೆಳಗೆ ಇನ್ನೂ ಕಡಿಮೆ, ಯಾಕೆಂದರೆ ಎಲೆಗಳು ಆಕಾಶಕ್ಕೂ ನಮಗೂ ನಡುವೆ ಹೊದಿಕೆಯ ಹಾಗೆ ನಿಲ್ಲುತ್ತವೆ. ಆದರೆ ಇಲ್ಲಿ ಒಂದು ದೊಡ್ಡ ಆದರೆ ಇದೆ. ರೆಡ್ ಗಮ್ ಮರ ಗಾಳಿ ಇಲ್ಲದ ದಿನವೂ ಯಾವ ಮುನ್ಸೂಚನೆಯೂ ಇಲ್ಲದೆ ದೊಡ್ಡ ಕೊಂಬೆಯನ್ನೇ ಕಳಚಿ ಬೀಳಿಸುತ್ತದೆ. ಅದರ ಕೆಳಗೆ ಮಲಗಲೇಬಾರದು. ಊರಲ್ಲಿ ಮಾವಿನ ಮರದ ಕೆಳಗೆ ಚಾಪೆ ಹಾಸಿ ಅಭ್ಯಾಸ ಇರುವ ನಮಗೆ ಇದು ತಲೆಗೆ ಹೋಗುವುದು ನಿಧಾನ. ಅದಕ್ಕೇ ನಾನು ಮರದ ಬದಲು ಟಾರ್ಪಾಲು ಕಟ್ಟುತ್ತೇನೆ. ಕಾರಿನ ಪಕ್ಕಕ್ಕೆ ಚಾಚಿ, ಸ್ವ್ಯಾಗಿನಿಂದ ಒಂದಾಳು ಎತ್ತರದಲ್ಲಿ, ನಾಲ್ಕೂ ಬದಿ ಗಾಳಿಗೆ ಬಿಟ್ಟು. ಇಬ್ಬನಿ ಟಾರ್ಪಾಲಿನ ಮೇಲೆ ಕೂರುತ್ತದೆ, ಕ್ಯಾನ್ವಾಸು ಒಣಗಿರುತ್ತದೆ, ಒಣಗಿದ ಕ್ಯಾನ್ವಾಸು ಉಸಿರಾಡುತ್ತದೆ. ಇಷ್ಟು ಸರಳವಾದದ್ದು ಇಷ್ಟು ಕೆಲಸ ಮಾಡುತ್ತದೆ ಅಂತ ಮೊದಲ ಸಲ ಕಂಡಾಗ ನನಗೆ ಬಹಳ ಖುಷಿಯಾಗಿತ್ತು.

ಹಾಸಿಗೆಯ ಅಡಿಯ ನೀರಿಗೆ ಪೂರ್ತಿ ಉಪಾಯ ಇನ್ನೂ ಸಿಕ್ಕಿಲ್ಲ. ಫೋಮಿನ ಕೆಳಗೆ ಯೋಗದ ಚಾಪೆಯ ಥರದ ನೀರು ಹೀರದ ತೆಳು ಚಾಪೆ ಹಾಕಿದರೆ ತುಂಬ ಕಡಿಮೆಯಾಗುತ್ತದೆ, ತಳ ಅಷ್ಟು ತಣ್ಣಗಾಗುವುದಿಲ್ಲವಲ್ಲ. ಉಳಿದದ್ದಕ್ಕೆ, ಎದ್ದ ಕೂಡಲೇ ಹಾಸಿಗೆಯನ್ನು ಅಡ್ಡ ನಿಲ್ಲಿಸಿ ಎರಡೂ ಮೈಗೆ ಗಾಳಿ ಬಿಸಿಲು ತೋರಿಸುವುದು.

ಅಮ್ಮ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಕಂಬಳಿ ತಂದಿದ್ದರು. ಚಳ್ಳಕೆರೆಯದು, ಕಪ್ಪು ಕುರಿ ಉಣ್ಣೆಯದು, ಅಂಚಲ್ಲಿ ಬಿಳಿ ಪಟ್ಟಿ. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಪ್ರಾಣಿಯಿಂದ ಬಂದ ಸಾಮಾನನ್ನೆಲ್ಲ ಬರೆದು ತೋರಿಸಬೇಕು. ಅಧಿಕಾರಿ ಕಂಬಳಿ ಬಿಚ್ಚಿ, ಬೀಜ, ಮಣ್ಣು ಏನಾದರೂ ಸಿಕ್ಕಿಕೊಂಡಿದೆಯಾ ಅಂತ ಎರಡೂ ಕಡೆ ನೋಡಿ, ಮಡಚಿ ವಾಪಸ್ ಕೊಟ್ಟರಂತೆ. ಚುಚ್ಚುತ್ತದೆ ಅಂತ ನಾನು ಅದನ್ನು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೆ. ಹಿತ್ತಲಲ್ಲಿ ಸ್ವ್ಯಾಗ್ ಒಣಗುತ್ತಿದ್ದಾಗ ಅಮ್ಮ ಕೇಳಿದರು, ಮುಂದಿನ ಸಲ ಅದನ್ನು ಯಾಕೆ ಒಯ್ಯಬಾರದು ಅಂತ. ಅಜ್ಜ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ಗದ್ದೆ ಕೆಲಸ ಮಾಡುತ್ತಿದ್ದರಲ್ಲ, ಮೈ ಬೆಚ್ಚಗೇ ಇರುತ್ತಿತ್ತಲ್ಲ ಅಂತ.

ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರಿನ ಆವಿಯನ್ನು ಎಳೆಯೊಳಗೇ ಇಟ್ಟುಕೊಳ್ಳಬಲ್ಲದು, ಆಗಲೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಸ್ವ್ಯಾಗ್‌ಮನ್‌ಗಳ ನೀಲಿ ಹೊದಿಕೆ ಉಣ್ಣೆಯದು. ಕುರಿ ಹಿಂಡಿನ ಹಿಂದೆ ಬಯಲಲ್ಲೇ ಮಲಗುವ ನಮ್ಮ ಕುರುಬರ ಹೊದಿಕೆಯೂ ಉಣ್ಣೆಯದು. ಒಬ್ಬರ ಮುಖ ಒಬ್ಬರು ನೋಡದ ಜನ, ಆಕಾಶದ ಕೆಳಗೆ ಮಲಗಿ ಮಲಗಿ ಒಂದೇ ಉತ್ತರಕ್ಕೆ ಬಂದಿದ್ದಾರೆ.

ಮುಂದಿನ ಆಗಸ್ಟ್‌ನಲ್ಲಿ ಲಿಟಲ್ ಡೆಸರ್ಟ್‌ಗೆ ಹೋದೆ. ವಿಕ್ಟೋರಿಯಾದ ಪಶ್ಚಿಮಕ್ಕೆ, ಡಿಂಬೂಲಾ ಹತ್ತಿರ. ಹೆಸರಿಗೆ ಮರುಭೂಮಿ, ವರ್ಷಕ್ಕೆ 400 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ, ಎಲ್ಲ ಕಡೆ ಕುರುಚಲು ಗಿಡ, ಮರಳು ಮಣ್ಣು. ದಿಬ್ಬದ ಮೇಲೆ ಜಾಗ ಹಿಡಿದೆ. ಟಾರ್ಪಾಲು ಕಟ್ಟಿದೆ. ಎರಡೂ ಕಡೆ ತೆಗೆದಿಟ್ಟೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಕಂಬಳಿ ಹೊದ್ದೆ. ರಾತ್ರಿ ಒಂದು ಸಲ ಎಚ್ಚರವಾದಾಗ ಮೂಗು ಮರಗಟ್ಟಿತ್ತು, ಮೈ ಬೆಚ್ಚಗಿತ್ತು. ಟಾರ್ಚ್ ಹಚ್ಚಿ ಮೇಲೆ ನೋಡಿದೆ. ಕ್ಯಾನ್ವಾಸು ಒಣಗಿತ್ತು, ಕೈಯಿಂದ ಸವರಿದೆ, ಹೊಲಿಗೆಯ ಹತ್ತಿರ ಬೆರಳಿಟ್ಟೆ, ಒಣಗಿತ್ತು.

ಬೆಳಿಗ್ಗೆ ಟಾರ್ಪಾಲಿನ ಮೇಲೆಲ್ಲ ಬಿಳಿ ಹಿಮ, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತಿತ್ತು. ಹಾಸಿಗೆ ಎತ್ತಿ ನಿಲ್ಲಿಸಿದೆ. ಸೊಂಟದ ಹತ್ತಿರ ಅಂಗೈ ಅಗಲ ತೇವ, ಅಷ್ಟೇ. ಕಂಬಳಿ ಎತ್ತಿಕೊಂಡರೆ ರಾತ್ರಿಗಿಂತ ಭಾರ ಅನ್ನಿಸಿತು, ಒದ್ದೆಯಾದ ಕುರಿಯ ವಾಸನೆ ಬರುತ್ತಿತ್ತು. ಬೇಲಿಯ ತಂತಿಯ ಮೇಲೆ ಹರಡಿದೆ. ಗಿಡಗಳ ಮೇಲಿಂದ ಬಿಸಿಲು ಏರಿ ಮೊದಲು ಅದರ ಒಂದು ಮೂಲೆಗೆ ಬಿತ್ತು. ಆ ಮೂಲೆಯಿಂದ ತೆಳ್ಳಗೆ ಆವಿ ಏಳತೊಡಗಿತು. ಬಿಸಿಲು ಮುಂದೆ ಸರಿದಂತೆ ಆವಿಯೂ ಸರಿಯಿತು, ಕೊನೆಗೆ ಕಂಬಳಿಯ ಉದ್ದಕ್ಕೂ.